ನೋವಿನ ಸುತ್ತಳತೆ

ಎರೆಪುರಕ್ಕೆ ಮಿಡಿತ ಬಂದ ಮೊದಲ ವರ್ಷ ಜನ ಡಾ. ಇಂದುಮತಿ ಕೆರೂರಳನ್ನು ಕಂಡಲ್ಲಿ ನಿಂತು ಕೈ ಮುಗಿಯುತ್ತಿದ್ದರು. ಎರಡನೆಯ ವರ್ಷ ಅದೇ ಜನ ಅವಳ ಮನೆಯ ಬಾಗಿಲಿಗೆ ಕೊಳೆತ ಬದನೆಕಾಯಿ ಎಸೆದರು.

ಬೆಣ್ಣಿಹಳ್ಳದ ದಂಡೆಯ ಕರಿನೆಲದ ಮೇಲೆ ಹೊಸದಾಗಿ ಎದ್ದ ಊರು ಎರೆಪುರ. ಎಲ್ಲೆಲ್ಲಿಂದಲೋ ಬಂದು ಸೇರಿದ ಜನ. ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ರಸ್ತೆಯಲ್ಲಿ ಬಿದ್ದವನನ್ನು ಸುತ್ತು ಹಾಕಿಕೊಂಡು ಹೋಗುವುದು ಅಲ್ಲಿ ರೂಢಿಯಾಗಿತ್ತು. ಮನಶ್ಶಾಸ್ತ್ರಜ್ಞೆಯಾದ ಇಂದುಮತಿ ಇದಕ್ಕೆ ಒಂದು ಉತ್ತರ ಹುಡುಕಿಟ್ಟಿದ್ದಳು. ಬೇರೆಯವರ ಸಂಕಟ ಕಂಡಾಗ ನಮ್ಮೊಳಗೂ ಒಂದು ಕಸಿವಿಸಿ ಏಳುತ್ತದೆ. ಅದನ್ನು ಕಳೆದುಕೊಳ್ಳುವುದಕ್ಕೇ ನಾವು ಕೈ ಚಾಚುತ್ತೇವೆ ಎನ್ನುವುದು ಅವಳ ಸಿದ್ಧಾಂತ. ಕಸಿವಿಸಿ ಸಣ್ಣದಿದ್ದರೆ ಮುಖ ತಿರುಗಿಸುತ್ತೇವೆ. ಹಾಗಾದರೆ ಅದನ್ನು ದೊಡ್ಡದು ಮಾಡಿದರೆ?

ಮಿಡಿತ ಹುಟ್ಟಿದ್ದು ಹಾಗೆ. ಕಡಲೆಬೇಳೆಯಷ್ಟು ಚಿಕ್ಕ ಮಣಿ; ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಅಡಿ ಕೂರಿಸುತ್ತಿದ್ದರು. ಮೈಯಲ್ಲಿ ತೀವ್ರವಾದ ನೋವು ಎದ್ದಾಗ ನರಗಳಲ್ಲಿ ಆಗುವ ಗದ್ದಲವನ್ನು ಅದು ಗುರುತಿಸಿ ಸುತ್ತಲಿನ ಮಣಿಗಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ಆ ಮಣಿಗಳು ತಂತಮ್ಮ ಒಡೆಯರ ಎದೆಯ ನರವನ್ನು ಕೆಣಕುತ್ತಿದ್ದವು. ಹತ್ತಿರ ಹೋದಷ್ಟೂ ಎದೆಯ ಹಿಡಿತ ಬಿಗಿ. ನೊಂದವರಿಗೆ ಆರಾಮಾದ ಕೂಡಲೇ ಎಲ್ಲರ ಎದೆಯೂ ಸಡಿಲ.

ನಗರ ಮಂಡಳಿ ಮಣಿಯನ್ನು ಕಡ್ಡಾಯ ಮಾಡಿತು. ಪೇಸ್‌ಮೇಕರ್ ಹಾಕಿಸಿಕೊಂಡ ಹೃದ್ರೋಗಿಗಳಿಗೆ ಮಾತ್ರ ವಿನಾಯಿತಿ. ಒಂದು ಯಂತ್ರ ಇನ್ನೊಂದಕ್ಕೆ ತೊಡರೀತು ಎಂಬ ಭಯ. ಅಂಥವರಿಗೆ ಊರು ಕೊಟ್ಟ ಹೆಸರು ಕಲ್ಲೆದೆಯವರು.

ಮೊದಮೊದಲು ಎಲ್ಲವೂ ಇಂದುಮತಿ ಹೇಳಿದಂತೆಯೇ ನಡೆಯಿತು. ಮಿಡಿತ ಕೇಂದ್ರದ ಗೋಡೆಯ ಮೇಲೆ ಇಡೀ ಊರಿನ ನಕಾಶೆ ಹೊಳೆಯುತ್ತಿತ್ತು. ನೊಂದವರು ಕೆಂಪು ಚುಕ್ಕಿ, ಸುತ್ತಲಿನವರು ನೀಲಿ. ಎಲ್ಲಾದರೂ ಒಂದು ಕೆಂಪು ಹತ್ತಿದರೆ ಸಾಕು, ನೀಲಿ ಚುಕ್ಕಿಗಳು ಅದರ ಕಡೆ ಧಾವಿಸುತ್ತಿದ್ದವು. ಬಿದ್ದವರು ನೆಲದ ಮೇಲೆ ಉಳಿಯುತ್ತಲೇ ಇರಲಿಲ್ಲ. ಇಂದುಮತಿ ಕುರ್ಚಿಗೆ ಒರಗಿ ಆ ಓಟವನ್ನು ನೋಡುತ್ತ ಚಹಾ ತಣ್ಣಗಾದದ್ದನ್ನೂ ಮರೆಯುತ್ತಿದ್ದಳು.

ಮನೆಯಲ್ಲಿಯೂ ಹಾಗೆಯೇ. ಅವಳ ಅಕ್ಕ ವಸುಧಾ, ನಿವೃತ್ತ ಗಣಿತದ ಶಿಕ್ಷಕಿ, ಮುಖದ ನರದ ಬೇನೆಯಿಂದ ನರಳುತ್ತಿದ್ದಳು. ಹಲ್ಲುಜ್ಜಿದರೆ, ಗಾಳಿ ಬಡಿದರೆ, ಒಮ್ಮೊಮ್ಮೆ ಸುಮ್ಮನೆ ಕೂತಾಗಲೂ ಕೆನ್ನೆಯೊಳಗೆ ಕಾದ ಕಂಬಿ ತೂರಿದ ಹಾಗೆ ಆಗಿ ಚೀರುತ್ತಿದ್ದಳು. ಮದುವೆಯಾಗದ ಇಬ್ಬರೇ ಅಕ್ಕತಂಗಿಯರ ಮನೆ, ಮೂರನೆಯ ಮಹಡಿಯಲ್ಲಿ. ಅಕ್ಕ ಚೀರಿದಾಗ ಇಡೀ ಕಟ್ಟಡ ಎದ್ದು ಬರುತ್ತಿತ್ತು. ನಿವಾಸಿಗಳ ಸಂಘದ ಕಾರ್ಯದರ್ಶಿ ರಮಾಕಾಂತ ಜೋಶಿ ಎಲ್ಲರಿಗಿಂತ ಮುಂದೆ. ಬಿಸಿ ಅರಿವೆ ಹಿಡಿದು ಮಂಚದ ಪಕ್ಕ ನಿಲ್ಲುತ್ತಿದ್ದ.

ಆದರೆ ಬಿಸಿ ಅರಿವೆಗೆ ಜಗ್ಗುವ ಬೇನೆ ಅಲ್ಲ ಅದು. ಯಾವ ಗುಳಿಗೆಗೂ ಕೂಡಲೇ ಇಳಿಯುತ್ತಿರಲಿಲ್ಲ. ಬಂದವರೆಲ್ಲ ತಮ್ಮ ಎದೆ ಒತ್ತಿಕೊಂಡು, ಏನು ಮಾಡಲಿಕ್ಕೂ ತೋಚದೆ, ಅವಳಿಗಿಂತ ಜೋರಾಗಿ ನರಳುತ್ತ ನಿಲ್ಲುತ್ತಿದ್ದರು. ಒಂದು ದಿನ ಜೋಶಿ ತಾಳಲಾಗದೆ ಅರಿವೆ ಅಲ್ಲೇ ಎಸೆದು ಕೆಳಗೆ ಓಡಿದ. ರಸ್ತೆ ದಾಟಿ ಪಾರ್ಕಿನ ಹತ್ತಿರ ಮುಟ್ಟುತ್ತಲೇ ಅವನ ಎದೆ ಹಗುರಾಯಿತು. ನೋವು ಇಳಿಸುವುದಕ್ಕಿಂತ ನೋವಿನಿಂದ ದೂರ ಹೋಗುವುದು ಸುಲಭ ಎಂದು ಅವನಿಗೆ ಗೊತ್ತಾದದ್ದು ಅವತ್ತು. ಎರೆಪುರದ ಉಳಿದ ಜನಕ್ಕೂ ಅದು ಗೊತ್ತಾಗಲು ಬಹಳ ಕಾಲ ಬೇಕಾಗಲಿಲ್ಲ.

"ಮೇಡಂ, ಇಲ್ಲಿ ನೋಡ್ರಿ," ಎಂದಳು ಒಂದು ಮಧ್ಯಾಹ್ನ ಕೇಂದ್ರದ ಎಂಜಿನಿಯರ್ ತಹಸೀನ್. ಅವಳ ಬೆರಳು ನಕಾಶೆಯ ಮೇಲಿತ್ತು. ಹೆರಿಗೆ ಆಸ್ಪತ್ರೆಯ ಮೇಲೆ ಐದಾರು ಕೆಂಪು ಚುಕ್ಕಿ. ಸುತ್ತಲೂ ಬರೀ ಕಪ್ಪು. ಕಂಪಾಸಿನಿಂದ ಗೆರೆ ಎಳೆದ ಹಾಗೆ ಒಂದು ಖಾಲಿ ವರ್ತುಲ.

"ಯಂತ್ರ ಕೆಟ್ಟಿರಬೇಕು."

"ಯಂತ್ರ ಬರೋಬ್ಬರಿ ಐತ್ರಿ. ನೀಲಿ ಚುಕ್ಕಿ ಹತ್ರ ಬರವಲ್ವು. ಓಡಿ ಹೋಗಾಕ್ಹತ್ಯಾವ."

ಇಂದುಮತಿ ನಕಾಶೆಯನ್ನು ದೊಡ್ಡದು ಮಾಡಿ ನೋಡಿದಳು. ಊರ ತುಂಬ ಅಂಥವೇ ವರ್ತುಲಗಳು. ಕ್ಯಾನ್ಸರ್ ರೋಗಿ ಇದ್ದ ಓಣಿಯಲ್ಲಿ ಅಕ್ಕಪಕ್ಕದ ಮನೆಗಳೆಲ್ಲ ಖಾಲಿ. ಆಮೇಲೆ ಕೆಟ್ಟ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಮನೆ ಮಾಲೀಕರು ರೋಗಿಗಳ ಸಾಮಾನು ಬೀದಿಗೆ ಹಾಕಿದರು. ಸಂತೆಯಲ್ಲಿ ಕಾಲು ಸುಟ್ಟುಕೊಂಡ ಒಬ್ಬ ಮುದುಕಿಯನ್ನು ಜನ ಕೋಲಿನಿಂದ ನೂಕುತ್ತ ನೂಕುತ್ತ ಊರ ಗಡಿಯಾಚೆ ಮುಟ್ಟಿಸಿ ಬಂದರು. ಹೆರಿಗೆ ಆಸ್ಪತ್ರೆಯ ಕಿಟಕಿಗಳಿಗೆ ಕಲ್ಲು ಬಿದ್ದವು. ಕಲ್ಲು ಎಸೆದವರಲ್ಲಿ ಎರಡು ಮಕ್ಕಳ ತಾಯಿಯೂ ಇದ್ದಳು. ಯಾಕಮ್ಮ ಎಂದು ಪೊಲೀಸರು ಕೇಳಿದರೆ, "ಅವ್ರು ನಮ್ಮನ್ನ ಹಿಂಸಾ ಮಾಡ್ಲಿಕ್ಕತ್ಯಾರ್ರಿ," ಎಂದು ಅತ್ತಳಂತೆ.

ಸಂಘದ ಸಭೆ ಸೇರಿದ್ದು ಆ ವಾರವೇ. ಕೆಳಗಿನ ಹಾಲಿನಲ್ಲಿ ಕುರ್ಚಿಗಳನ್ನು ಗುಂಡಗೆ ಹಾಕಿದ್ದರು. ಇಂದುಮತಿ ಕೂತ ಕುರ್ಚಿಯ ಎರಡೂ ಕಡೆ ಯಾರೂ ಕೂರಲಿಲ್ಲ.

"ಇಂದುಮತಿ ಅವ್ರ, ತಪ್ಪ ತಿಳ್ಕೋಬ್ಯಾಡ್ರಿ," ಎಂದ ಜೋಶಿ, ಕಣ್ಣು ತಪ್ಪಿಸಿ. "ನನ್ನ ಮಗಳು ಬಸರಿ ಇದ್ದಾಳ. ನಿಮ್ಮಕ್ಕಗ ಬ್ಯಾನಿ ಬಂದಾಗೊಮ್ಮೆ ಆಕಿ ಎದಿ ಹಿಡ್ಕೊಂಡು ನೆಲಕ್ಕ ಕೂಡ್ತಾಳ. ನೀವು ಬ್ಯಾರೆ ಎಲ್ಲ್ಯರೆ ಮನಿ ನೋಡ್ಕೋರಿ."

"ಎಲ್ಲೆ ಹೋದ್ರೂ ಅಲ್ಲೆ ನೆರೆಹೊರೆ ಇರ್ತದಲ್ಲ, ಜೋಶಿಯವ್ರ?"

"ಅದನ್ನ ನಾವ್ಯಾಕ ವಿಚಾರ ಮಾಡಬೇಕು?" ಹಿಂದಿನಿಂದ ಒಬ್ಬ ಹೆಂಗಸು ಸಿಡುಕಿದಳು. "ಅಷ್ಟು ನೋವಿದ್ರ ಆಕಿ ಇಷ್ಟು ವರ್ಷ ಹೆಂಗ ಬದುಕ್ಯಾಳ? ಬೇಕಂತ ಮಾಡ್ತಾಳ."

ಮೂಲೆಯಲ್ಲಿ ವಕೀಲ ಬಸಲಿಂಗಪ್ಪ ಗಡಾದ ಕೈಕಟ್ಟಿ ನಿಂತಿದ್ದ. ಅಕ್ಕತಂಗಿಯರ ಮನೆಯ ಸರಿಯಾಗಿ ಕೆಳಗಿನ ಮನೆ ಅವನದು. ಅವರ ಬಚ್ಚಲಿನ ನೀರು ತನ್ನ ಛಾವಣಿಗೆ ಇಳಿಯುತ್ತದೆ ಎಂದು ಒಂದು ದಾವೆ, ಮಿಡಿತದ ಯೋಜನೆಯೇ ಕಾನೂನಿಗೆ ವಿರುದ್ಧ ಎಂದು ಇನ್ನೊಂದು ದಾವೆ ಹೂಡಿದ್ದ ಮನುಷ್ಯ. ಎದೆಯಲ್ಲಿ ಪೇಸ್‌ಮೇಕರ್ ಇದ್ದದ್ದರಿಂದ ಅವನಿಗೆ ಮಣಿ ಇರಲಿಲ್ಲ. ಕಟ್ಟಡದವರು ಅವನ ಜೊತೆ ಮಾತು ಬಿಟ್ಟು ಬಹಳ ದಿನವಾಗಿತ್ತು.

"ವಕೀಲ್ರ, ನೀವರೆ ಒಂದು ಮಾತು ಹೇಳ್ರಿ," ಎಂದ ಜೋಶಿ, ಬೇರೆ ದಾರಿ ಇಲ್ಲದೆ.

"ನಂದೇನೈತಿ ಹೇಳೂದು?" ಗಡಾದ ಒರಟಾಗಿ ನಕ್ಕ. "ಕೂಸು ಡಾಕ್ಟರಬಾಯಾರದು. ಹಡದವರ ಸಾಕಬೇಕು."

ಇಂದುಮತಿ ಮೇಲೆ ಬಂದಾಗ ವಸುಧಾ ಬಾಯಲ್ಲಿ ಟವೆಲ್ ತುರುಕಿಕೊಂಡು ಕೂತಿದ್ದಳು. ಮೇಲೆ ಬರುವಾಗ ಇಂದುಮತಿಯ ಎದೆಯನ್ನೂ ಹಿಂಡಿದ್ದ ಬೇನೆ ಆಗಷ್ಟೇ ಇಳಿದಿತ್ತು. ಮುಖವೆಲ್ಲ ಕೆಂಪು.

"ಒದರದಿದ್ರೂ ಅವ್ರಿಗೆ ಗೊತ್ತಾಗ್ತದೇನ, ಇಂದೂ?"

"ಗೊತ್ತಾಗ್ತದ, ಅಕ್ಕಾ. ಮಣಿ ಧ್ವನಿ ಕೇಳಿಸ್ಕೊಳ್ಳೂದಿಲ್ಲ."

ವಸುಧಾ ಟವೆಲ್ ಮಡಚಿ ಪಕ್ಕಕ್ಕಿಟ್ಟಳು. "ಹಂಗಾದ್ರ ನನ್ನ ನೋವನ್ನೂ ನನಗ ಬಿಡಲಿಲ್ಲ ನೀನು."

ಇಂದುಮತಿ ಟವೆಲನ್ನು ಎತ್ತಿಕೊಂಡು ಹೋಗಿ ಬಚ್ಚಲಿನಲ್ಲಿ ಹಾಕಿದಳು. ಅಕ್ಕನ ಬೇನೆ ಎಲ್ಲರಿಗಿಂತ ಹತ್ತಿರದಿಂದ ತಾಕುತ್ತಿದ್ದದ್ದು ಅವಳಿಗೇ. ಇತ್ತೀಚೆಗೆ ಕೇಂದ್ರದಿಂದ ತಡವಾಗಿ ಬರುತ್ತಿದ್ದಳು. ಕೆಲಸ ಬಹಳ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಮುಂದಿನ ದಿನಗಳಲ್ಲಿ ಕಟ್ಟಡದವರು ಬಾಯಿಂದ ಹೇಳುವುದನ್ನು ಬಿಟ್ಟು ಕೈಯಿಂದ ಹೇಳಲು ಶುರುಮಾಡಿದರು. ನಳ ಬಂದ್ ಆಯಿತು. ಬಾಗಿಲಿಗೆ ಕಸ ಬಂತು. ಹಾಲಿನವನು ಮೂರನೆಯ ಮಹಡಿ ಹತ್ತುವುದನ್ನೇ ನಿಲ್ಲಿಸಿದ. ಆಮೇಲೆ ಲಿಫ್ಟು ಕೆಟ್ಟಿತು. ರಿಪೇರಿಗೆ ಯಾರೂ ಅವಸರ ಮಾಡಲಿಲ್ಲ.

ಮಂಡಳಿಯ ಅಧ್ಯಕ್ಷರು ಮಿಡಿತ ಕೇಂದ್ರಕ್ಕೆ ಬಂದದ್ದು ಒಂದು ಬಿಸಿಲ ಹೊತ್ತಿನಲ್ಲಿ. ಜೊತೆಗೆ ಹಳ್ಳದ ಆಚೆ ಕಟ್ಟಲಿರುವ 'ವಿಶ್ರಾಂತಿ ಗ್ರಾಮ'ದ ನಕ್ಷೆ ತಂದಿದ್ದರು. ಸುತ್ತಲೂ ಎತ್ತರದ ತಂತಿಬೇಲಿ.

"ಮಣಿಯಲ್ಲಿ ದೋಷ ಇಲ್ಲ, ಡಾಕ್ಟರ್," ಎಂದರು ಸಮಾಧಾನವಾಗಿ. "ನೋಯುವವರು ಎಲ್ಲ ಕಡೆ ಚದುರಿದ್ದಾರೆ, ಅದೇ ತೊಂದರೆ. ಅವರನ್ನು ಒಂದು ಕಡೆ ಇಟ್ಟರೆ ಊರು ಶಾಂತವಾಗುತ್ತದೆ. ನಿಮ್ಮ ಒಂದು ಸಹಿ ಬೇಕು."

"ಬೇಲಿ ಯಾಕೆ ಸರ್?"

"ಅವರ ಸುರಕ್ಷೆಗೆ."

"ಮಣಿಗಳನ್ನ ಬಂದ್ ಮಾಡೋಣ. ಇವತ್ತೇ. ತಪ್ಪಾಗಿದೆ ಸರ್. ಜನ ಓಡಿ ಬರಬೇಕೆಂದು ಮಾಡಿದ್ದು. ಓಡಿ ಹೋಗುತ್ತಿದ್ದಾರೆ."

"ನಾಡಿನ ಉಳಿದ ಊರುಗಳೆಲ್ಲ ನಮ್ಮ ಕಡೆ ನೋಡುತ್ತಿವೆ. ಈಗ ಬಂದ್ ಮಾಡಿದರೆ ನಗುತ್ತಾರೆ. ಸಹಿ ನೀವು ಹಾಕದಿದ್ದರೆ ಬೇರೆಯವರು ಹಾಕುತ್ತಾರೆ."

"ಮೇಡಂ," ಎಂದಳು ತಹಸೀನ್. ನಕಾಶೆಯನ್ನು ದೊಡ್ಡದು ಮಾಡಿ ತೋರಿಸಿದಳು. "ಇದು ನಿಮ್ಮ ಓಣಿ ಅಲ್ರಿ?"

ನಕಾಶೆಯ ಮೇಲೆ ಇಂದುಮತಿಯ ಕಟ್ಟಡದಲ್ಲಿ ಒಂದು ಕೆಂಪು ಚುಕ್ಕಿ ಉರಿಯುತ್ತಿತ್ತು. ಅಷ್ಟು ದೊಡ್ಡ ಚುಕ್ಕಿಯನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಸುತ್ತಲಿನ ನೀಲಿ ಚುಕ್ಕಿಗಳು ಸಿಡಿದ ಪಟಾಕಿಯ ಹಾಗೆ ನಾಲ್ಕೂ ದಿಕ್ಕಿಗೆ ಚದುರುತ್ತಿದ್ದವು.

ಆಟೋ ಹಿಡಿದು ಅವಳು ಓಣಿಯ ಬಾಯಿಗೆ ಮುಟ್ಟಿದಾಗ ಕಟ್ಟಡದವರೆಲ್ಲ ಪಾರ್ಕಿನಾಚೆ ನಿಂತಿದ್ದರು. ಅವಳನ್ನು ಕಂಡು ಗುಂಪು ಮೈಮೇಲೆ ಬಂತು.

"ಬಂದ್ಲು ನೋಡ್ರಿ ಮಹಾತಾಯಿ! ಹೋಗಿ ನಿನ್ನಕ್ಕನ್ನ ಸುಮ್ನ ಮಾಡು!"

"ಇಂಜೆಕ್ಷನ್ ಕೊಟ್ಟು ಮಲಗಸು, ಇಲ್ಲಾ ಹಳ್ಳಕ್ಕ ಒಗಿ!"

ಯಾರೋ ಅವಳ ಬೆನ್ನಿಗೆ ಗುದ್ದಿದರು. ಜೋಶಿ ಮಗಳನ್ನು ಅಪ್ಪಿಕೊಂಡು ನಿಂತಿದ್ದ. ಅವನ ಕಣ್ಣಲ್ಲಿದ್ದದ್ದು ನೇರವಾದ ದ್ವೇಷ. "ಜಿನೆದ ಮೆಟ್ಟಲಾ ಇಳಿಯೋವಾಗ ಬ್ಯಾನಿ ಬಂದು ಬಿದ್ದಾರ," ಎಂದ. "ಕಾಲು ಮುರದಿರಬೇಕು. ನಮಗ ಆಗೂದಿಲ್ಲ, ನೀವ ಹೋಗ್ರಿ."

ಇಂದುಮತಿ ಗೇಟು ದಾಟಿದಳು. ಎದೆಯನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದರು. ಪ್ರಯೋಗಶಾಲೆಯಲ್ಲಿ ಹಿಡಿತದ ಮಿತಿಯನ್ನು ಗೊತ್ತು ಮಾಡಿದವಳು ಅವಳೇ. ಆದರೆ ಮುರಿದ ಎಲುಬು ಮತ್ತು ಮುಖದ ಬೇನೆ ಒಟ್ಟಿಗೆ ಬಂದರೆ ಎಷ್ಟಾದೀತು ಎಂದು ಅವಳು ಯೋಚಿಸಿರಲಿಲ್ಲ. ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಮೇಲಿನಿಂದ ಅಕ್ಕನ ಕೂಗು ಬಂತು: "ಇಂದೂ, ಇಂದೂ." ಅವಳ ಮಂಡಿ ಕುಸಿಯಿತು. ವಾಂತಿಯಾಯಿತು. ಹೋಗಬೇಕು ಎಂದು ಮನಸ್ಸು ಹೇಳುತ್ತಿರುವಾಗಲೇ ಮೈ ತಾನಾಗಿ ಗೇಟಿನ ಕಡೆ ತಿರುಗಿತು. ಅಂಗೈ ಊರಿಕೊಂಡು ಅವಳು ಹೊರಗೆ ತೆವಳತೊಡಗಿದಳು.

"ಎಲ್ಲಿ ಹೊಂಟ್ರಿ?"

ಗಡಾದ ಮೆಟ್ಟಿಲ ತಿರುವಿನಲ್ಲಿ ಕಾಣಿಸಿದ. ತನ್ನ ಮಂಚದ ಗಾದಿಯ ಮೇಲೆ ವಸುಧಾಳನ್ನು ಮಲಗಿಸಿ, ಒಂದೊಂದೇ ಮೆಟ್ಟಿಲು ಜಗ್ಗಿಕೊಂಡು ಇಳಿಯುತ್ತಿದ್ದ. ಅವಳ ಮುರಿದ ಕಾಲನ್ನು ಛತ್ರಿಗೆ ಸೇರಿಸಿ ಪಂಚೆಯಿಂದ ಬಿಗಿದಿದ್ದ. ಅವನ ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ತಲಿ ಕಡೆ ಹಿಡೀರಿ!"

"ನನ್ನಿಂದ ಆಗೂದಿಲ್ಲ."

"ಆಗೂದಿಲ್ಲಂದ್ರ? ನಿಮ್ಮಕ್ಕ ರೀ ಇವ್ರು! ನನಗೂ ಎದಿ ಕೆಟ್ಟೈತಿ, ಒಬ್ಬಾಂವ ಎಷ್ಟು ಜಗ್ಗಲಿ? ಹಿಡೀರಿ, ಇಲ್ಲಾಂದ್ರ ಇಲ್ಲೇ ಬಿಟ್ಟು ಹೋಗ್ತೇನಿ!"

ಅವಳು ಹಿಡಿದಳು. ಹೇಗೆ ಹಿಡಿದಳು ಎಂಬುದು ಅವಳಿಗೆ ಆಮೇಲೆ ನೆನಪಾಗಲಿಲ್ಲ. ಗಡಾದನ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ಅವಳ ತೊಡೆಯ ಮೇಲಿತ್ತು. ಕಾರು ಗುಂಡಿಗೆ ಬಿದ್ದಾಗೊಮ್ಮೆ ವಸುಧಾ ಚೀರುತ್ತಿದ್ದಳು. ಅದರ ಬೆನ್ನಿಗೇ ಇಂದುಮತಿಯ ಎದೆ ಬಿರಿಯುತ್ತಿತ್ತು. ಆಗ ಅವಳೊಳಗೆ ಒಂದು ಮಾತು ಎದ್ದಿತು. ಸಾಯಬಾರದೇ ಇವಳು. ಈಗಲೇ, ಇಲ್ಲಿಯೇ ಸತ್ತುಬಿಟ್ಟರೆ ಈ ಹಿಡಿತ ಬಿಡುತ್ತದೆ. ತನಗೆ ಅಕ್ಷರ ಕಲಿಸಿದ, ತನ್ನ ಓದಿಗಾಗಿ ಬಂದ ಸಂಬಂಧಗಳನ್ನೆಲ್ಲ ಬೇಡ ಎಂದ ಅಕ್ಕನ ಕುತ್ತಿಗೆ ಅವಳ ಎರಡೂ ಕೈಗಳ ನಡುವೆ ಇತ್ತು. ಬೆರಳುಗಳು ಬಿಗಿಯಾದವು.

ವಸುಧಾ ಕಣ್ಣು ತೆರೆದು ತಂಗಿಯ ಮುಖವನ್ನು ನೋಡಿದಳು. ಒಂದು ಗಳಿಗೆ ಚೀರುವುದನ್ನೂ ನಿಲ್ಲಿಸಿದಳು. ಆಮೇಲೆ ನಿಧಾನಕ್ಕೆ ಮುಖ ಆ ಕಡೆ ಹೊರಳಿಸಿದಳು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇಳಿದು ಅಕ್ಕ ನಿದ್ದೆ ಹೋದ ಮೇಲೆ ಇಂದುಮತಿಯ ಎದೆ ಒಮ್ಮೆಲೇ ಸಡಿಲವಾಯಿತು. ಆಗ ಬಂತು ಪ್ರೀತಿ, ಆಗ ಬಂತು ನಾಚಿಕೆ. ಹೊರಗಿನ ಬೆಂಚಿನ ಮೇಲೆ ಗಡಾದ ಕಾಲು ಚಾಚಿ ಕೂತಿದ್ದ. ತುಟಿ ನೀಲಿಗಟ್ಟಿದ್ದವು.

"ನೀವು ಯಾಕ ಬಂದ್ರಿ?" ಎಂದು ಅವಳು ಕೇಳಿದಳು. "ನಮ್ಮನ್ನ ಕಂಡ್ರ ನಿಮಗ ಆಗೂದಿಲ್ಲ."

"ಈಗೂ ಆಗಂಗಿಲ್ಲ."

"ಮತ್ತ? ಕರುಣಾ ಬಂತೇನು?"

"ಕರುಣಾನೂ ಇಲ್ಲ, ಗಿರುಣಾನೂ ಇಲ್ಲ. ಅಕ್ಕೋರು ಬಿದ್ದು ಒದರಾಕತ್ತಿದ್ರು, ಹೋಗಿ ಎತ್ತಿದೆ." ಅವನು ಉಸಿರು ಸುಧಾರಿಸಿಕೊಂಡ. "ನೋವು ಅವರದು. ನನ್ನ ಕೈ ಖಾಲಿ ಇದ್ದೂವು. ಇಬ್ಬರೂ ಒದರಕೋತ ಕುಂತ್ರ ಎತ್ತೋರ್ಯಾರು? ಇನ್ನ ಪ್ರಶ್ನಿ ಕೇಳೂದು ಬಿಡ್ರಿ ನೀವು. ಇನ್ಮ್ಯಾಲೆ ಕೇಳಾಂವ ನಾನು. ಕಟಕಟೆಗೆ ಕರಸ್ತೇನಿ."

ಹೇಳಿದ ಹಾಗೆಯೇ ಕರೆಸಿದ. ಮಂಡಳಿಯ ವಿರುದ್ಧದ ಅವನ ದಾವೆ ವಿಚಾರಣೆಗೆ ಬಂದ ದಿನ ಕೋರ್ಟು ಕಿಕ್ಕಿರಿದಿತ್ತು. ಅಷ್ಟರಲ್ಲಿ ಹಳ್ಳದಾಚೆ ಬೇಲಿಯ ಕಂಬಗಳು ಎದ್ದಿದ್ದವು; ಮೊದಲ ಲಾರಿಯಲ್ಲಿ ರೋಗಿಗಳನ್ನು ಒಯ್ದೂ ಆಗಿತ್ತು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂತು ಇಂದುಮತಿಗೆ ಮುಗುಳ್ನಕ್ಕರು. ಹಿಂದಿನ ಬಾಗಿಲ ಹತ್ತಿರ ಗಾಲಿಕುರ್ಚಿಯಲ್ಲಿ ವಸುಧಾ ಇದ್ದಳು. ಅವಳನ್ನು ಕರೆತಂದದ್ದು ಗಡಾದ. ಕಾರಿನ ಕನ್ನಡಿಯಲ್ಲಿ ಕಂಡದ್ದನ್ನು ಅಕ್ಕನ ಎದುರಿಗೇ ಬಾಯಿ ಬಿಡಿಸಲು ಕರೆತಂದಿದ್ದಾನೆಂದು ಇಂದುಮತಿಗೆ ಅರ್ಥವಾಯಿತು. ಅವನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅವನು ಕರಿಕೋಟಿನ ತೋಳು ಸರಿಮಾಡಿಕೊಂಡ.

"ಕಾರಿನಲ್ಲಿ ನಿಮ್ಮ ಅಕ್ಕನ ತಲೆ ನಿಮ್ಮ ತೊಡೆಯ ಮೇಲಿತ್ತು. ಅವರ ನೋವು ಪೂರ್ತಿಯಾಗಿ ನಿಮಗೆ ತಾಕುತ್ತಿತ್ತು. ಆಗ ನಿಮ್ಮ ಮನಸ್ಸಿಗೆ ಏನು ಬಂತು?"

ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಅಕ್ಕನ ಮೇಲೆ ಕರುಣೆ ಉಕ್ಕಿತು ಎಂದರೆ ನಂಬದವರು ಯಾರು? ಇಂದುಮತಿ ಕಟಕಟೆಯ ಹಿಡಿಯನ್ನು ಭದ್ರವಾಗಿ ಹಿಡಿದಳು.

"ಸಾಯಲಿ ಅನ್ನಿಸಿತು," ಎಂದಳು.

"ಜೋರಾಗಿ ಹೇಳಿ."

"ಅವಳು ಸಾಯಲಿ ಅನ್ನಿಸಿತು. ನನ್ನ ಎದೆ ಬಿಟ್ಟರೆ ಸಾಕಾಗಿತ್ತು. ಅವಳು ನನ್ನ ಅಕ್ಕ ಅನ್ನೋದೇ ಮರೆತುಹೋಗಿತ್ತು. ಕೈ ಕುತ್ತಿಗೆ ಮೇಲಿತ್ತು." ಅವಳು ನ್ಯಾಯಾಧೀಶರ ಕಡೆ ತಿರುಗಿದಳು. "ನೋವು ತಾಕಿದರೆ ಜನ ಹತ್ತಿರ ಬರುತ್ತಾರೆ ಅಂತ ನಾನು ಲೆಕ್ಕ ಹಾಕಿದ್ದೆ. ನೋವು ವಿಪರೀತವಾದಾಗ ಎದುರಿಗೆ ಮನುಷ್ಯರು ಕಾಣುವುದೇ ಇಲ್ಲ. ನನಗೇ ಕಾಣಲಿಲ್ಲ. ಕಂಡದ್ದು ಮಣಿ ಇಲ್ಲದ ಈ ವಕೀಲರಿಗೆ. ದಯವಿಟ್ಟು ಇದನ್ನ ಬಂದ್ ಮಾಡಿಸಿ."

ಕೋರ್ಟಿನಲ್ಲಿ ಗದ್ದಲವೆದ್ದಿತು. ಅಧ್ಯಕ್ಷರು ಎದ್ದು "ದ್ರೋಹಿ" ಎಂದು ಕೂಗಿದರು. ಆ ಗದ್ದಲದ ನಡುವೆ ಗಾಲಿಕುರ್ಚಿ ಕಿರುಗುಟ್ಟುತ್ತ ಹೊರಗೆ ಹೋದದ್ದು ಇಂದುಮತಿಗೆ ಕೇಳಿಸಿತು.

ತೀರ್ಪು ಬಂದ ಮಧ್ಯಾಹ್ನ ತಹಸೀನ್ ಕೇಂದ್ರದ ಮುಖ್ಯ ಸ್ವಿಚ್ಚನ್ನು ಆರಿಸಿದಳು. ಗೋಡೆ ಕಪ್ಪಾಯಿತು. ಅದೇ ದಿನ ಸಂತೆಯಲ್ಲಿ ಒಬ್ಬ ಸೈಕಲ್ಲಿನಿಂದ ಬಿದ್ದನಂತೆ. ಜನ ಮೊದಲು ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಕೆಲವರು ಅವನ ಹತ್ತಿರ ಹೋದರು, ಕೆಲವರು ತಮ್ಮ ಪಾಡಿಗೆ ಹೋದರು. ಹಳ್ಳದಾಚೆಯಿಂದ ಲಾರಿ ತಿರುಗಿ ಬಂತು; ಇಳಿದವರನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಜೋಶಿ ಇಂದುಮತಿ ಎದುರಾದರೆ ಗೋಡೆಯ ಕಡೆ ತಿರುಗುತ್ತಿದ್ದ. ಬಚ್ಚಲಿನ ನೀರಿನ ದಾವೆಯನ್ನು ಗಡಾದ ಬಿಡಲಿಲ್ಲ. ಊರಿನಲ್ಲಿ ಯಾರೂ ಯಾರನ್ನೂ ಕ್ಷಮಿಸಿದ ಹಾಗೆ ಕಾಣಲಿಲ್ಲ.

ವಸುಧಾ ಕೋರ್ಟಿನ ದಿನದಿಂದ ತಂಗಿಯ ಜೊತೆ ಒಂದು ಮಾತೂ ಆಡಲಿಲ್ಲ. ಕಾಲಿನ ಪಟ್ಟಿ ಬಿಚ್ಚಿದ ಮೇಲೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ತಿಕ್ಕಬೇಕೆಂದು ಡಾಕ್ಟರು ಹೇಳಿದ್ದರು. ಇಂದುಮತಿ ತಿಕ್ಕುತ್ತಿದ್ದಳು. ಅಕ್ಕ ಕಿಟಕಿಯ ಕಡೆ ನೋಡುತ್ತ ಕಲ್ಲಿನ ಹಾಗೆ ಕೂರುತ್ತಿದ್ದಳು. ಮುಖದ ಬೇನೆ ಬಂದಾಗ ಇಂದುಮತಿ ಸೆರಗಿನಿಂದ ಗಾಳಿ ಮರೆಮಾಡಿ ಪಕ್ಕದಲ್ಲಿ ಇರುತ್ತಿದ್ದಳು. ಈಗ ಅವಳ ಎದೆಯಲ್ಲಿ ಏನೂ ಆಗುತ್ತಿರಲಿಲ್ಲ. ಅಕ್ಕನ ಮುಖ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು, ಪ್ರತಿ ಸುಕ್ಕೂ.

ಒಂದು ಬೆಳಿಗ್ಗೆ ವಸುಧಾ ಕಿಟಕಿಯಿಂದ ಕಣ್ಣು ತೆಗೆಯದೆ ಕೇಳಿದಳು: "ಯಾಕ ಮಾಡ್ತಿ ಇದನ್ನ? ಈಗ ನನ್ನ ನೋವು ನಿನಗೇನೂ ಹತ್ತೂದಿಲ್ಲಲ್ಲ."

ಇಂದುಮತಿಯ ಬೆರಳು ನಿಂತವು. ಹೇಳಲಿಕ್ಕೆ ಉತ್ತರಗಳು ಎಷ್ಟೋ ಇದ್ದವು. ತಪ್ಪಿನ ಭಾರ, ಲೋಕದ ಭಯ, ಋಣ, ಮಮತೆ. ಒಂದೊಂದರ ಮೇಲೂ ಅವಳು ಪಾಠ ಮಾಡಿದ್ದಳು, ಪ್ರಬಂಧ ಬರೆದಿದ್ದಳು. ಯಾವುದನ್ನು ಬಾಯಿಗೆ ತಂದುಕೊಂಡರೂ ನಾಲಿಗೆಯ ಮೇಲೆ ಪೊಳ್ಳಾಗಿ ಕೂರುತ್ತಿತ್ತು.

"ಕಾಲು ಸ್ವಲ್ಪ ಈ ಕಡೆ ಚಾಚು, ಅಕ್ಕಾ," ಎಂದಳು. "ಮಣಕಾಲಿನ ಹಿಂದ ಎಣ್ಣಿ ಹತ್ತಿಲ್ಲ."

ವಸುಧಾ ಕಿಟಕಿಯಿಂದ ಕಣ್ಣು ತೆಗೆದು ತಂಗಿಯ ಎಣ್ಣೆಗೈ ನೋಡಿದಳು. ಆಮೇಲೆ, ಮುಖ ಇನ್ನೂ ಬಿಗಿದುಕೊಂಡೇ, ಕಾಲು ಚಾಚಿದಳು.